ನಾಲ್ಕು ಮಂದಿ ಏನೆಂದಾರು?

ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಹಾನಗಲ್ಲಿನ ಒಬ್ಬ ಹುಡುಗ, ಪಿಯುಸಿ ಓದುತ್ತಿರುವವನು, ಕಾಲೇಜು ಬಿಟ್ಟ ಮೇಲೆ ಗೆಳೆಯರೊಂದಿಗೆ ಪಾನ್ ಅಂಗಡಿಯ ಮುಂದೆ ನಿಂತಿದ್ದಾನೆ. ಅವರೆಲ್ಲ ಒಂದೇ ಮೊಹಲ್ಲಾದವರು. ಶುಕ್ರವಾರ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಮಾಝಿಗೆ ನಿಲ್ಲುವವರು. ಒಬ್ಬನು ಪಾನ್ ಮಸಾಲೆಯ ಪಾಕೀಟು ಹರಿದು, ಅದಕ್ಕೆ ಇನ್ನೊಂದು ಪಾಕೀಟಿನ ತಂಬಾಕು ಬೆರೆಸಿ ಎಲ್ಲರ ಅಂಗೈಗೂ ಸುರಿಯುತ್ತಾನೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತಷ್ಟೆ. ಅಂದಿನಿಂದ ಅದು ಹೀಗೆ ಎರಡು ಪಾಕೀಟುಗಳಾಗಿ ಬದುಕಿಕೊಂಡಿದೆ. ಹುಡುಗ ಬೇಡವೆನ್ನುತ್ತಾನೆ. “ಯಾಕಲೇ, ಮೌಲಾನಾ ಆದೇನು? ಒಂದ್ ಚೂರು ಹಾಕ್ಕೊಂಡ್ರ ಸಾಯೂದಿಲ್ಲ, ತಗೋ” ಎಂದು ಒಬ್ಬ ಹೇಳುತ್ತಾನೆ. ಉಳಿದವರು ನಗುತ್ತಾರೆ. ಹುಡುಗ ಕೈ ಚಾಚುತ್ತಾನೆ.

ಅದೇ ರಾತ್ರಿ ಅವನ ಮನೆಯಲ್ಲಿ ಅಕ್ಕನ ಮದುವೆಯ ಮಾತುಕತೆ. ಗಂಡಿನ ಕಡೆಯವರು ನಗದು ಕೇಳಿದ್ದಾರೆ, ಮೋಟಾರ್ ಸೈಕಲ್ ಕೇಳಿದ್ದಾರೆ, ಶಾದಿಮಹಲಿನಲ್ಲಿ ದೊಡ್ಡ ಊಟವನ್ನೂ ಕೇಳಿದ್ದಾರೆ. ಇದು ಧರ್ಮಸಮ್ಮತವಲ್ಲವೆಂದು ತಂದೆಗೆ ಗೊತ್ತು. ಅದನ್ನವರು ಮೆಲ್ಲಗೆ ಹೇಳಿಯೂ ಹೇಳುತ್ತಾರೆ. ಆಗ ಚಾಚಾ ಅನ್ನುತ್ತಾರೆ: “ಭಾಯ್, ನೀವು ಹೇಳೂದು ಖರೇ. ಆದ್ರ ಮನಿಯಾಗ ಇದು ಮೊದಲ್ನೇ ಮದುವಿ. ನಾಲ್ಕು ಮಂದಿ ಏನಂದಾರು?” ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ತಲೆಯಾಡಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಹುಡುಗ ಪುಸ್ತಕ ತೆರೆದುಕೊಂಡು ಕುಳಿತಿದ್ದಾನೆ. ಅವನಿಗೆ ಎಲ್ಲವೂ ಕೇಳಿಸುತ್ತಿದೆ.

ಹಾನಗಲ್ಲ ಎಂದಿರುವಲ್ಲಿ ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಓದಿಕೊಂಡರೂ ಈ ಕತೆಯಲ್ಲಿ ಏನೂ ಬದಲಾಗದು. ಮುಂದೊಂದು ದಿನ ಮಗನ ಜೇಬಿನಲ್ಲಿ ಪಾಕೀಟು ಸಿಕ್ಕಾಗ ಈ ತಂದೆ ಏನು ಹೇಳುತ್ತಾರೆಂಬುದೂ ನಮಗೆ ಗೊತ್ತು: “ದೋಸ್ತರು ಹೇಳಿದರೆಂದು ಮಾಡಿದೆಯಾ? ನಿನಗೆ ಸ್ವಂತ ಬುದ್ಧಿ ಇಲ್ಲವೇ?” ಮಗ ತಲೆ ತಗ್ಗಿಸಿ ನಿಲ್ಲುತ್ತಾನೆ. ಆದರೆ ಅವನ ಮನಸ್ಸಿನಲ್ಲಿ ಏಳುವ ಮರುಪ್ರಶ್ನೆಯನ್ನು ನಾವು ಎಂದಾದರೂ ಕೇಳಿಸಿಕೊಂಡಿದ್ದೇವೆಯೇ? ಅವನು ಅಂಗಡಿಯ ಮುಂದೆ ಮಾಡಿದ್ದನ್ನೇ ಹಿರಿಯರು ಮನೆಯೊಳಗೆ ಮಾಡಿದ್ದರು. ತಪ್ಪೆಂದು ತಿಳಿದಿದ್ದನ್ನು ನಾಲ್ಕು ಮಂದಿಗಾಗಿ ಒಪ್ಪಿಕೊಂಡಿದ್ದರು. ವ್ಯತ್ಯಾಸವಿದ್ದದ್ದು ಮೊತ್ತದಲ್ಲಿ ಮಾತ್ರ.

ಕಣ್ಣು ಕಂಡದ್ದನ್ನು ನಾಲಿಗೆ ಹೇಳದು

ಗುಂಪಿನ ಒತ್ತಡಕ್ಕೆ ಬಗ್ಗುವವರು ಬುದ್ಧಿ ಇಲ್ಲದವರೆಂದು ನಾವು ತಿಳಿಯುತ್ತೇವೆ. ಅದು ಸರಿಯಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳ ಪ್ರಯೋಗ ನಡೆಸಿದರು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆಗಳು. ಮೂರರಲ್ಲಿ ಯಾವುದು ಮೊದಲನೆಯದಕ್ಕೆ ಸಮವೆಂದು ಹೇಳಬೇಕು. ಕಣ್ಣಿದ್ದವರು ಯಾರೂ ತಪ್ಪುವಂತಿಲ್ಲ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ಬೇಕೆಂದೇ ತಪ್ಪು ಉತ್ತರ ಹೇಳುವಂತೆ ಮೊದಲೇ ತಿಳಿಸಲಾಗಿತ್ತು. ಹೀಗೆ 12 ಸಲ ಎಲ್ಲರೂ ಒಂದೇ ದನಿಯಲ್ಲಿ ತಪ್ಪು ಹೇಳಿದರು. ಏನೂ ಅರಿಯದ ಆ ಒಬ್ಬನ ಸರದಿ ಬಂದಾಗ ಏನಾಯಿತು? ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪನ್ನೇ ಪುನರುಚ್ಚರಿಸಿದರು. ಒಟ್ಟು ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪಾಗಿದ್ದವು. ಅವರ ಕಣ್ಣಿಗೆ ಸತ್ಯ ಕಾಣುತ್ತಿತ್ತು. ನಾಲಿಗೆ ಅದನ್ನು ಹೇಳಲಿಲ್ಲ.

ಈ ಪ್ರಯೋಗದ ಇನ್ನೊಂದು ಭಾಗ ನಮಗೆ ಇನ್ನೂ ಮುಖ್ಯ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಏರ್ಪಾಡು ಮಾಡಿದಾಗ, ಪರೀಕ್ಷೆಗೆ ಒಳಗಾದವರ ತಪ್ಪುಗಳು ಕಾಲುಭಾಗಕ್ಕೆ ಇಳಿದವು. ಒಬ್ಬ ಜೊತೆಗಾರ ಸಿಕ್ಕಿದ್ದೇ ಧೈರ್ಯ ಬಂತು. ಆದರೆ ಆ ಜೊತೆಗಾರ ನಡುವೆಯೇ ಬಹುಮತದ ಕಡೆಗೆ ಜಾರಿದಾಗ ತಪ್ಪುಗಳು ಮತ್ತೆ ಏರಿದವು.

ಈಗ ಹಾನಗಲ್ಲಿನ ಆ ಹುಡುಗನನ್ನು ನೆನೆಯಿರಿ. ಅಂಗಡಿಯ ಮುಂದೆ ಅವನೊಬ್ಬನೇ ಇದ್ದ. ಮನೆಯಲ್ಲಾದರೂ ತನ್ನ ಜೊತೆಗಾರ ಒಬ್ಬರಿದ್ದಾರೆ, ನನ್ನ ತಂದೆ, ಎಂದುಕೊಂಡಿದ್ದ. ಆ ರಾತ್ರಿ ಆ ಜೊತೆಗಾರನೂ ಬಹುಮತದ ಕಡೆಗೆ ಜಾರಿದ್ದನ್ನು ಅವನು ಕೇಳಿಸಿಕೊಂಡ.

ಅಬೂತಾಲಿಬರನ್ನು ಸೋಲಿಸಿದ್ದು ಯಾವುದು?

ಪವಿತ್ರ ಕುರ್‌ಆನ್ ಮನುಷ್ಯನ ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲದು. ಅಲ್ಲಾಹನು ಅವತೀರ್ಣಗೊಳಿಸಿದ್ದನ್ನು ಅನುಸರಿಸಿರಿ ಎಂದಾಗ, ನಮ್ಮ ಪೂರ್ವಿಕರು ನಡೆದ ದಾರಿಯೇ ನಮಗೆ ಸಾಕೆಂದು ಉತ್ತರಿಸಿದವರನ್ನು ಅದು ತರಾಟೆಗೆ ತೆಗೆದುಕೊಳ್ಳುತ್ತದೆ (2:170). ಭೂಮಿಯಲ್ಲಿರುವವರ ಬಹುಮತದ ಹಿಂದೆ ಹೋದರೆ ಅವರು ದಾರಿ ತಪ್ಪಿಸಿಯಾರೆಂದು ಪ್ರವಾದಿವರ್ಯರನ್ನೇ(ಸ) ಎಚ್ಚರಿಸುತ್ತದೆ (6:116). ಕೆಟ್ಟ ಗೆಳೆಯನ ಮಾತು ಕೇಳಿದವನು ಅಂತ್ಯದಿನದಂದು ತನ್ನ ಕೈಗಳನ್ನೇ ಕಚ್ಚಿಕೊಂಡು ಮರುಗುವ ಚಿತ್ರವನ್ನು ಕಣ್ಣ ಮುಂದೆ ತರುತ್ತದೆ (25:27-29).

ಆದರೆ ಈ ವಿಷಯದಲ್ಲಿ ನಮ್ಮನ್ನು ಅತಿಯಾಗಿ ಕಲಕುವ ಪಾಠ ಅಬೂತಾಲಿಬರ ಕೊನೆಯ ಗಳಿಗೆಗಳಲ್ಲಿದೆ. ಅವರು ಅಂಜುಬುರುಕರಾಗಿರಲಿಲ್ಲ. ತಮ್ಮನ ಮಗನಾದ ಪ್ರವಾದಿವರ್ಯರನ್ನು(ಸ) ಇಡೀ ಕುರೈಶ್ ಬುಡಕಟ್ಟಿನ ಎದುರು ವರ್ಷಗಟ್ಟಲೆ ಕಾಪಾಡಿದವರು. ಬಹಿಷ್ಕಾರದ ಕಾಲದಲ್ಲಿ ಕಣಿವೆಯೊಳಗೆ ಸುಮಾರು ಮೂರು ವರ್ಷ ಹಸಿವನ್ನು ಸಹಿಸಿದವರು. ಅವರು ಮರಣಶಯ್ಯೆಯಲ್ಲಿದ್ದಾಗ ಪ್ರವಾದಿವರ್ಯರು(ಸ) ಬಳಿಗೆ ಬಂದು ಒಂದೇ ಒಂದು ವಚನ ಉಚ್ಚರಿಸುವಂತೆ ಬೇಡಿಕೊಂಡರು. ತಲೆಯ ಬಳಿ ಅಬೂಜಹಲನೂ ಅವನ ಸಂಗಾತಿಯೂ ಕುಳಿತಿದ್ದರು. ಅವರು ಬೆದರಿಸಲಿಲ್ಲ, ಆಮಿಷವನ್ನೂ ಒಡ್ಡಲಿಲ್ಲ. ತಂದೆ ಅಬ್ದುಲ್ ಮುತ್ತಲಿಬರ ಧರ್ಮವನ್ನು ಬಿಟ್ಟುಬಿಡುವಿರಾ ಎಂದಷ್ಟೇ ಮತ್ತೆ ಮತ್ತೆ ಕೇಳುತ್ತಿದ್ದರು. ಸಾವಿಗೆ ಹೆದರಿ ಹೀಗೆ ಮಾಡಿದನೆಂದು ಕುರೈಶರು ಆಡಿಕೊಳ್ಳದೇ ಇದ್ದಿದ್ದರೆ ನಿನ್ನ ಕಣ್ಣು ತಣಿಸುತ್ತಿದ್ದೆ ಎಂಬರ್ಥದ ಮಾತನ್ನು ಅಬೂತಾಲಿಬರು ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಓದುಗರೇ, ನಾಲ್ಕು ಮಂದಿ ಏನೆಂದಾರು ಎಂಬ ಮಾತು ಎಷ್ಟು ಹಳೆಯದು, ಎಷ್ಟು ಭಾರವಾದದ್ದು ನೋಡಿ! ಹಗೆಗಳ ಎದುರು ಬಂಡೆಯಂತೆ ನಿಂತವರು ಸ್ವಂತ ಜನರ ಮೂದಲಿಕೆಯ ಎದುರು ನಿಲ್ಲಲಾಗಲಿಲ್ಲ. ಹೊರಗಿನವರ ಎದುರು ಬೇಕಾದ ಧೈರ್ಯ ಬೇರೆ, ನಮ್ಮವರ ಎದುರು ಬೇಕಾದ ಧೈರ್ಯ ಬೇರೆ. ಎರಡನೆಯದು ಹೆಚ್ಚು ಅಪರೂಪ.

ಯಾವುದನ್ನು ಎದುರಿಸಬೇಕು?

ನಮ್ಮ ಉಪನ್ಯಾಸಗಳಲ್ಲಿ ಪರಸಂಸ್ಕೃತಿಯ ಪ್ರಭಾವದ ಬಗ್ಗೆ ಎಚ್ಚರಿಕೆಗಳು ಸಾಕಷ್ಟು ಕೇಳಿಬರುತ್ತವೆ. ಅವುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು, ನಮ್ಮಲ್ಲಿರುವುದೆಲ್ಲ ಒಳ್ಳೆಯದು ಎಂಬ ಅಳತೆಗೋಲು ಇಸ್ಲಾಮಿನದ್ದಲ್ಲ. ಮದೀನದ ರಕ್ಷಣೆಗೆ ಕಂದಕ ತೋಡುವ ಉಪಾಯ ಪರ್ಶಿಯಾದ್ದು, ಅದನ್ನು ಸೂಚಿಸಿದವರು ಹ. ಸಲ್ಮಾನ್ ಫಾರಸಿ(ರ). ಮುದ್ರೆ ಇಲ್ಲದ ಪತ್ರವನ್ನು ರೋಮನ್ನರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿವರ್ಯರು(ಸ) ಬೆಳ್ಳಿಯ ಮುದ್ರೆಯುಂಗುರ ಮಾಡಿಸಿಕೊಂಡರು. ಒಂದು ವಿಷಯ ಯಾರಿಂದ ಬಂತೆಂದು ಅವರು ನೋಡಲಿಲ್ಲ. ಅಲ್ಲಾಹನ ಆಜ್ಞೆಗೆ ಅದು ವಿರುದ್ಧವೇ ಅಲ್ಲವೇ ಎಂದು ನೋಡಿದರು.

ನಮ್ಮ ಸೀಮೆಯನ್ನೇ ನೋಡಿ. ಸವಣೂರು 1948ರವರೆಗೆ ನವಾಬರ ಆಳ್ವಿಕೆಯಲ್ಲಿತ್ತು. ಅಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ ಕನ್ನಡದ ದೊಡ್ಡ ಸಾಹಿತಿಯಾದರು. ಶಿಗ್ಗಾವಿ ತಾಲೂಕಿನ ಮುಸ್ಲಿಮ್ ಮನೆಯೊಂದರಲ್ಲಿ ಹುಟ್ಟಿದ ಶಿಶುನಾಳ ಶರೀಫರ (1819-1889) ಪದಗಳನ್ನು ಹಾಡದ ಕನ್ನಡಿಗರಿಲ್ಲ. ಸವಣೂರಿನ ವೀಳ್ಯದೆಲೆ ಯಾರ ಮನೆಯ ತಟ್ಟೆಯಲ್ಲೂ ಜಾತಿ ಕೇಳುವುದಿಲ್ಲ. ಕನ್ನಡ ನಮ್ಮ ನೆಲದ ಭಾಷೆ, ಜೋಳದ ರೊಟ್ಟಿ ನಮ್ಮ ಊಟ, ನೆರೆಮನೆಯವರು ನಮ್ಮವರೇ. ಇವನ್ನು ಎದುರಿಸಬೇಕಾದ ಪ್ರಭಾವವೆಂದು ಎಣಿಸುವುದು ಅಜ್ಞಾನ. ನೆರೆಹೊರೆಯವರೊಂದಿಗೆ ಸೌಜನ್ಯದಿಂದ ಬಾಳುವುದು ಧರ್ಮದ ಆದೇಶ.

ಎದುರಿಸಬೇಕಾದದ್ದು ಬೇರೆಯೇ ಇದೆ, ಅದು ಬಹಳ ಸಲ ನಮ್ಮ ಮನೆಯೊಳಗೇ ಕುಳಿತಿದೆ. ವರದಕ್ಷಿಣೆಯನ್ನು ನಮಗೆ ಯಾವ ಶತ್ರುವೂ ಬಲವಂತವಾಗಿ ಹೇರಲಿಲ್ಲ. ಇಸ್ಲಾಮಿನಲ್ಲಿ ಮಹರ್ ಕೊಡಬೇಕಾದವನು ಗಂಡು. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ: ನಿಕಾಹ್‌ನಾಮೆಯಲ್ಲಿ ಮಹರ್ ಬರೆಯುತ್ತೇವೆ, ಅದರ ಹಲವು ಪಟ್ಟನ್ನು ಹೆಣ್ಣಿನ ತಂದೆಯಿಂದ ಮೊದಲೇ ಎಣಿಸಿಕೊಳ್ಳುತ್ತೇವೆ. 1961ರ ವರದಕ್ಷಿಣೆ ನಿಷೇಧ ಕಾನೂನು ಮಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವರದಕ್ಷಿಣೆ ಕೊಡುವುದು, ಪಡೆಯುವುದು ಎರಡನ್ನೂ ಅಪರಾಧವೆಂದಿದೆ. ದೇಶದ ಕಾನೂನು ಮಾಡಿದ ಈ ವಿವೇಚನೆಯನ್ನು ಶರೀಅತ್ತಿನ ವಾರಸುದಾರರಾದ ನಾವು ಮಾಡದೇ ಹೋದೆವಲ್ಲ!

ಒಂದು ತಪ್ಪು ಒಂಟಿಯಾಗಿ ಬರುವುದಿಲ್ಲ. ವರದಕ್ಷಿಣೆಗೆ ಹಣವಿಲ್ಲದ ತಂದೆ ಬಡ್ಡಿಸಾಲಕ್ಕೆ ಕೈಯೊಡ್ಡುತ್ತಾನೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂದರೆ ಆ ಸಂಕಟ ಎಷ್ಟು ಮನೆಗಳನ್ನು ಹೊಕ್ಕಿರಬೇಕು! ಮದುವೆಯ ಊಟ ಉಂಡು ಹೋದ ನಾಲ್ಕು ಮಂದಿ ಕಂತು ಕಟ್ಟುವ ದಿನ ಬರುವುದಿಲ್ಲ. ಕಬರಿನ ಪ್ರಶ್ನೆಗೆ ಉತ್ತರ ಹೇಳಲಂತೂ ಬರುವುದೇ ಇಲ್ಲ.

ಇನ್ನು ಪ್ರವಾದಿವರ್ಯರ(ಸ) ಕಾಲದ ಒಂದು ಮದುವೆಯನ್ನು ನೋಡಿ. ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ನಿಕಟ ಅನುಚರರಲ್ಲಿ ಒಬ್ಬರು. ಅವರು ಮದೀನದಲ್ಲಿ ಮದುವೆಯಾದರು. ಪ್ರವಾದಿವರ್ಯರಿಗೆ(ಸ) ಅದು ತಿಳಿದದ್ದು ಅವರ ಮೈಮೇಲೆ ಹಳದಿ ಸುಗಂಧದ ಗುರುತು ಕಂಡ ಮೇಲೆ! ಅವರು ಬೇಸರಪಡಲಿಲ್ಲ. ಶುಭ ಹಾರೈಸಿ, ಒಂದು ಕುರಿಯಾದರೂ ಸರಿ, ವಲೀಮ ಮಾಡು ಎಂದರು. ಅಲ್ಲಾಹನ ಸಂದೇಶವಾಹಕರಿಗೇ(ಸ) ಕರೆಯೋಲೆ ಹೋಗದಿದ್ದ ಆ ಮದುವೆಗೆ ಯಾವ ಕೊರತೆಯೂ ಆಗಲಿಲ್ಲ. ದೂರದ ನೆಂಟರಿಗೆ ಕರೆ ಹೋಗದಿದ್ದರೆ ನಮ್ಮ ಮಾನ ಹೋಗುತ್ತದೆಂದು ನಾವು ಅಂಜುತ್ತೇವೆ.

ಮಸೀದಿಯೂ ಒಂದು ಗುಂಪಲ್ಲವೇ?

ಇಲ್ಲಿ ಚುರುಕು ಮನಸ್ಸಿನ ಯುವಕನೊಬ್ಬ ಒಂದು ಪ್ರಶ್ನೆ ಎತ್ತಬಹುದು. ಅದನ್ನು ತಳ್ಳಿಹಾಕುವಂತಿಲ್ಲ. ‘ಗುಂಪಿನ ಒತ್ತಡ ತಪ್ಪೆನ್ನುತ್ತೀರಿ. ಹಾಗಾದರೆ ಮೊಹಲ್ಲಾದವರು ನೋಡುತ್ತಾರೆಂದು ನಾನು ನಮಾಝಿಗೆ ಹೋಗುವುದೂ ಒತ್ತಡವೇ ಅಲ್ಲವೇ? ಪಾನ್ ಅಂಗಡಿಯ ಗುಂಪನ್ನು ಬಿಟ್ಟು ಮಸೀದಿಯ ಗುಂಪಿಗೆ ತಲೆಬಾಗುವುದರಲ್ಲಿ ಯಾವ ಸ್ವಾತಂತ್ರ್ಯವಿದೆ?’

ಪ್ರಾಮಾಣಿಕವಾಗಿ ಉತ್ತರಿಸುವುದಾದರೆ, ಜನರು ನೋಡಲೆಂದು ಮಾಡಿದ ನಮಾಝ್ ಕೂಡ ನಾಲ್ಕು ಮಂದಿಯ ಆರಾಧನೆಯೇ. ರಿಯಾ ಎಂದರೆ ಅದೇ. ಅದನ್ನು ಪ್ರವಾದಿವರ್ಯರು(ಸ) ಕಿರು ಶಿರ್ಕ್ ಎಂದು ಕರೆದಿದ್ದಾರೆ. ಆದ್ದರಿಂದ ಈಮಾನ್ ನಮಗೆ ಕಲಿಸುವುದು ಒಂದು ಗುಂಪನ್ನು ಬಿಟ್ಟು ಇನ್ನೊಂದನ್ನು ಸೇರುವುದನ್ನಲ್ಲ. ಯಾರ ಮೆಚ್ಚುಗೆಗಾಗಿ ಬದುಕುತ್ತೇವೆಂಬುದನ್ನು ಬದಲಾಯಿಸುವುದನ್ನು. ಇದನ್ನು ಅಳೆಯಲು ಸುಲಭದ ಪರೀಕ್ಷೆಯೊಂದಿದೆ. ಊರಿನ ಒಬ್ಬ ಪರಿಚಿತನೂ ಇಲ್ಲದ ಕಡೆ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ಕೈಗೆತ್ತಿಕೊಂಡಾಗ, ನಾನು ಯಾರು? ಅಲ್ಲಿ ನಾಲ್ಕು ಮಂದಿ ಇಲ್ಲ, ಅಲ್ಲಾಹನಿದ್ದಾನೆ. ಅಲ್ಲಿ ಉಳಿಯುವುದು ಈಮಾನ್. ಅಲ್ಲಿ ಉದುರಿಹೋಗುವುದು ಬರೀ ರೂಢಿ.

ಒಬ್ಬನ ಭಯ ಹೃದಯದಲ್ಲಿ ನೆಲೆಸಿದರೆ ಉಳಿದೆಲ್ಲ ಭಯಗಳಿಂದ ಬಿಡುಗಡೆ. ತೌಹೀದಿನ ಅರ್ಥ ವಿಗ್ರಹಗಳ ಮುಂದೆ ಬಾಗದಿರುವುದಷ್ಟೇ ಅಲ್ಲ, ‘ಮಂದಿ’ ಎಂಬ ಕಣ್ಣಿಗೆ ಕಾಣದ ವಿಗ್ರಹದ ಮುಂದೆಯೂ ಬಾಗದಿರುವುದು.

ಹಾಗೆಂದು ಒಳ್ಳೆಯ ಸಂಗ ಬೇಡವೇ? ಬೇಕೇ ಬೇಕು. ಹ. ಇಬ್ರಾಹೀಮ್(ಅ) ಯುವಕರಾಗಿದ್ದಾಗ ತಂದೆ ಮತ್ತು ನಾಡಿನ ಎದುರು ಒಬ್ಬಂಟಿಯಾಗಿ ನಿಂತರು. ಎಲ್ಲರೂ ಇಬ್ರಾಹೀಮ್(ಅ) ಆಗಲಾರರೆಂದು ಅಲ್ಲಾಹನು ಬಲ್ಲನು. ಆದ್ದರಿಂದಲೇ ಗುಹಾವಾಸಿಗಳ ವೃತ್ತಾಂತವನ್ನೂ ನಮಗೆ ಕೊಟ್ಟಿದ್ದಾನೆ. ಅವರು ಒಟ್ಟಾಗಿ ಎದ್ದು ನಿಂತ ಯುವಕರು. ಎದ್ದು ನಿಂತಾಗ ಅವರ ಹೃದಯಗಳನ್ನು ಅಲ್ಲಾಹನು ಗಟ್ಟಿಗೊಳಿಸಿದನು (18:13-14). ಬೇರಾವ ನೆರಳೂ ಇಲ್ಲದ ದಿನ ಅಲ್ಲಾಹನ ನೆರಳು ಪಡೆಯುವ ಏಳು ಬಗೆಯ ಜನರ ಹದೀಸನ್ನು ನೀವು ಕೇಳಿದ್ದೀರಿ. ಏಕಾಂತದಲ್ಲಿ ಅಲ್ಲಾಹನನ್ನು ನೆನೆದು ಕಣ್ಣೀರಿಡುವವನು ಅದರಲ್ಲಿದ್ದಾನೆ. ಅಲ್ಲಾಹನಿಗಾಗಿಯೇ ಪರಸ್ಪರ ಪ್ರೀತಿಸುವ ಇಬ್ಬರು ಗೆಳೆಯರೂ ಇದ್ದಾರೆ. ಏಕಾಂತದ ಬೇರು, ಗೆಳೆತನದ ಆಸರೆ: ಗಿಡಕ್ಕೆ ಎರಡೂ ಬೇಕು.

ಆ ಇನ್ನೊಬ್ಬ ನೀವಾಗಿ

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯ ಮಾತು ಗಂಡುಮಕ್ಕಳ ತಂದೆತಾಯಿಯರಿಗೆ. ಹೆಣ್ಣು ಹೆತ್ತವರಿಗೆ ‘ವರದಕ್ಷಿಣೆ ಕೊಡಬೇಡಿ’ ಎಂದು ಉಪದೇಶಿಸುವುದು ಸುಲಭ. ಆದರೆ ಅವರ ಕೈ ಕಟ್ಟಿದೆ. ಬೇಡವೆಂದರೆ ಮಗಳು ಮನೆಯಲ್ಲೇ ಉಳಿದಾಳೆಂಬ ಭಯ ಅವರನ್ನು ನಿದ್ದೆಗೆಡಿಸುತ್ತದೆ. ಗಂಡಿನ ಮನೆಯವರಿಗೆ ಅಂತಹ ಯಾವ ಬಲವಂತವಿದೆ? ಬೇಡವೆಂದರೆ ಅವರು ಕಳೆದುಕೊಳ್ಳುವುದೇನು? ಆದ್ದರಿಂದ ಹೊಣೆಯೂ ಸಮನಲ್ಲ, ಪಾಪವೂ ಸಮನಲ್ಲ. ಮೊದಲ ‘ಬೇಡ’ ಗಂಡಿನ ಮನೆಯಿಂದ ಬರಬೇಕು. ವರನಾದವನು ಅಮ್ಮಿ ಅಬ್ಬಾ ಕೇಳಿದರೆಂದು ನುಣುಚಿಕೊಳ್ಳುವಂತಿಲ್ಲ. ನ್ಯಾಯದ ಪರ ನಿಲ್ಲಿರಿ, ಅದು ಸ್ವತಃ ನಿಮಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ಎಂದು ಕುರ್‌ಆನ್ ಆದೇಶಿಸಿದೆ (4:135).

ಎರಡನೆಯ ಮಾತು ಯುವಕರಿಗೆ. ಇಲ್ಲವೆನ್ನುವುದಕ್ಕೂ ಒಂದು ರೀತಿಯಿದೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಇಸ್ಲಾಮ್ ಸ್ವೀಕರಿಸಿದಾಗ ಅವರ ತಾಯಿ ಅನ್ನನೀರು ಬಿಟ್ಟು ಹಟ ಹಿಡಿದರು. ಸಅದ್(ರ) ಜಗ್ಗಲಿಲ್ಲ. ಆದರೆ ಆ ಸಂದರ್ಭದ ದೇವವಚನ ತಾಯಿಯನ್ನು ತೊರೆಯಲು ಹೇಳಲಿಲ್ಲ. ತಪ್ಪಿನಲ್ಲಿ ಅವರ ಮಾತು ಕೇಳಬೇಡ, ಆದರೆ ಲೌಕಿಕ ಬಾಳಿನಲ್ಲಿ ಅವರೊಂದಿಗೆ ಸೌಜನ್ಯದಿಂದಿರು ಎಂದು ಕಲಿಸಿತು (31:15). ಗೆಳೆಯರಿಗೂ ಇದೇ ನಿಯಮ. ತಂಬಾಕು ಬೇಡವೆಂದು ಹೇಳಿ, ಗೆಳೆಯ ಬೇಡವೆಂದು ಹೇಳಬೇಡಿ. ಅವನೊಂದಿಗೆ ಕ್ರಿಕೆಟ್ ಆಡಿ, ಅವನ ಮನೆಯಲ್ಲಿ ಕಾಯಿಲೆಯಾದರೆ ಆಸ್ಪತ್ರೆಗೆ ಓಡಿ. ‘ನಾನು ನಿಮಗಿಂತ ಮೇಲು’ ಎಂಬ ಅಹಂಕಾರ ಒಳಹೊಕ್ಕರೆ ತಂಬಾಕಿನಿಂದ ಪಾರಾದವನು ಅದಕ್ಕಿಂತ ಕೆಟ್ಟ ವಿಷ ತಿಂದಂತಾಯಿತು. ನೆನಪಿಡಿ, ನಗುತ್ತಿರುವ ಆ ಐವರಲ್ಲಿ ಒಬ್ಬನಿಗಾದರೂ ನಿಮ್ಮಂತೆಯೇ ಅದು ಬೇಡವಾಗಿದೆ. ನೀವು ಬಾಯಿ ಬಿಟ್ಟರೆ ಅವನಿಗೊಬ್ಬ ಜೊತೆಗಾರ ಸಿಕ್ಕಂತಾಗುತ್ತದೆ.

ಮೂರನೆಯ ಮಾತು ಜಮಾಅತ್ತಿನ ಹಿರಿಯರಿಗೆ. ಒಬ್ಬ ಬಡ ತಂದೆ ಒಬ್ಬನೇ ನಿಲ್ಲಲಾರ. ಮೊಹಲ್ಲಾದ ಹತ್ತು ಮನೆಗಳು ಕೂಡಿ ನಿಂತರೆ ನಿಂತಾನು. ಮಸೀದಿಯಲ್ಲಿ ಸರಳ ನಿಕಾಹ್, ಗಂಡಿನ ಶಕ್ತಿಗೆ ತಕ್ಕ ವಲೀಮ, ಮಹರ್ ಸ್ಥಳದಲ್ಲೇ ಪಾವತಿ ಎಂದು ಸಿರಿವಂತರೇ ಮೊದಲು ತಮ್ಮ ಮನೆಯಲ್ಲಿ ಮಾಡಿ ತೋರಿಸಲಿ. ಬಡವ ಸರಳ ಮದುವೆ ಮಾಡಿದರೆ ಗತಿಯಿಲ್ಲವೆನ್ನುತ್ತಾರೆ. ಉಳ್ಳವನು ಮಾಡಿದರೆ ಅದು ಮಾದರಿಯಾಗುತ್ತದೆ. ಮಾವಿನ ಫಸಲಿನ ಒಳ್ಳೆಯ ಬೆಲೆ ಕಂಡ ಹಾನಗಲ್ಲಿನ ತೋಟದವರೂ, ಹಿರೇಕೆರೂರಿನ ಅಂಗಡಿಕಾರರೂ ಯೋಚಿಸಬೇಕಾದ ಮಾತಿದು.

ಕೊನೆಯದಾಗಿ, ಮತ್ತೆ ಆ ಮನೆಗೆ ಹೋಗೋಣ. ಮಾತುಕತೆ ಇನ್ನೂ ಮುಗಿದಿಲ್ಲವೆಂದುಕೊಳ್ಳಿ. ಚಾಚಾ ಕೇಳಿದ್ದಾರೆ: “ನಾಲ್ಕು ಮಂದಿ ಏನಂದಾರು?” ತಂದೆ ತಲೆಯೆತ್ತಿ ಹೇಳುತ್ತಾರೆ: “ಅನ್ನಲಿ. ನಾಳೆ ಅಲ್ಲಾಹ್ ಕೇಳಿದರ ನಾ ಏನನ್ನಲಿ, ಅದನ್ನ ಹೇಳು.” ಪಕ್ಕದ ಕೋಣೆಯಲ್ಲಿ ಕುಳಿತ ಹುಡುಗನಿಗೆ ಈ ಮಾತು ಕೇಳಿಸುತ್ತದೆ. ಆ ಸಂಬಂಧ ಮುರಿದುಬೀಳಬಹುದು. ಮನೆಯಲ್ಲಿ ಕೆಲವು ದಿನ ಕಣ್ಣೀರೂ ಇರಬಹುದು. ಆದರೆ ಮರುದಿನ ಸಂಜೆ ಪಾನ್ ಅಂಗಡಿಯ ಮುಂದೆ ಅಂಗೈಗಳು ಚಾಚಿದಾಗ ಆ ಹುಡುಗ ಒಬ್ಬಂಟಿಯಾಗಿರುವುದಿಲ್ಲ. ಅವನ ಪಕ್ಕದಲ್ಲಿ, ಯಾರಿಗೂ ಕಾಣದಂತೆ, ಅವನ ತಂದೆ ನಿಂತಿರುತ್ತಾರೆ.

ಮಕ್ಕಳಿಗೆ ನಾವು ಕೊಡಬಹುದಾದ ದೊಡ್ಡ ಆಸ್ತಿ ಇದು. ಜನರ ನಾಲಿಗೆಯ ಭಯವನ್ನು ನಮ್ಮ ಎದೆಗಳಿಂದ ತೆಗೆದು, ತನ್ನೊಬ್ಬನ ಭಯವನ್ನೂ ಪ್ರೀತಿಯನ್ನೂ ಅಲ್ಲಿ ನೆಲೆಗೊಳಿಸುವಂತೆ ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.